ಬನಹಟ್ಟಿ ಮಗ್ಗದ ಶೆಡ್ಡಿನ ಪ್ಯಾನೆಲ್: ಕೇಬಲ್ ಕೆಲಸ ಎಲ್ಲಿಗೆ ಬಂತು

ಬನಹಟ್ಟಿಯ ನಮ್ಮ ಪವರ್‌ಲೂಮ್ ಶೆಡ್ಡಿನ ಮೇನ್ ಪ್ಯಾನೆಲ್ ಕೆಲಸ ಅರ್ಧಕ್ಕಿಂತ ಜಾಸ್ತಿ ಮುಗಿದಿದೆ. ಒಳಗೆ ಬರುವ ಕೇಬಲ್‌ಗೆ ಹೊಸ ಲಗ್ (ಬೋಲ್ಟಿಗೆ ಕೂರಿಸುವ ಲೋಹದ ತುದಿ) ಬಿದ್ದಿದೆ, ತಳಕ್ಕೆ ಹೊಸ ಗ್ಲ್ಯಾಂಡ್ ಪ್ಲೇಟ್ (ಕೇಬಲ್ ಒಳಬರುವ ತೂತುಗಳ ತಗಡು) ಕೂತಿದೆ, ಮಗ್ಗಗಳಿಗೆ ಹೋಗುವ ವೈರುಗಳಲ್ಲಿ ಕೆಟ್ಟವನ್ನು ಕಿತ್ತು ಹಾಕಿದ್ದೇವೆ.

ಬಿಚ್ಚಿ ನೋಡಿದರೆ ಕೇಬಲ್ ನಡುವೆ ಎಲ್ಲೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಎರಡೇ ಕಡೆ. ಪೆಟ್ಟಿಗೆಯೊಳಗೆ ನುಗ್ಗುವ ತೂತಿನ ಬಾಯಲ್ಲಿ, ಆಮೇಲೆ ಸ್ಕ್ರೂ ಕೆಳಗೆ. ತೂತಿಗೆ ಗ್ಲ್ಯಾಂಡೇ, ಅಂದರೆ ಕೇಬಲನ್ನು ಬಿಗಿಯಾಗಿ ಹಿಡಿಯುವ ಬಳೆಯೇ ಇರಲಿಲ್ಲ, ತಗಡಿನ ಅಂಚು ಬರಿದಾಗಿತ್ತು. ಮಗ್ಗ ಓಡುವಾಗ ನೆಲ ನಡುಗುತ್ತದೆ, ಅದರ ಜೊತೆ ಪ್ಯಾನೆಲ್ಲೂ ನಡುಗುತ್ತದೆ, ಹಾಗಾಗಿ ಆ ಅಂಚು ವರ್ಷಗಟ್ಟಲೆ ಗರಗಸದ ಹಾಗೆ ಕೇಬಲ್ಲಿನ ಮೇಲ್ಪದರವನ್ನು ಕೊಯ್ದಿದೆ. ಇಲಿ ಬಂದಿದ್ದೂ ಅದೇ ತೂತಿನಿಂದ. ಇಲಿಯ ಮುಂದಿನ ಹಲ್ಲು ಸಾಯೋತನಕ ಬೆಳೆಯುತ್ತಲೇ ಇರುತ್ತವೆ, ಸವೆಸಲು ಅದು ಏನನ್ನಾದರೂ ಕಡಿಯಲೇಬೇಕು. ಪಕ್ಕದಲ್ಲೇ ಗಂಜಿ ಹಾಕಿದ ಹಾಸು ನೂಲು ಇರುವ ಶೆಡ್ಡಿನಲ್ಲಿ ಇಲಿ ಬರದಂತೆ ಮಾಡುವುದು ಆಗದ ಮಾತು, ಪೆಟ್ಟಿಗೆಯೊಳಗೆ ಬರದಂತೆ ಮಾಡಬಹುದು. ಅದಕ್ಕೇ ಮೊದಲು ತೂತು ಮುಚ್ಚುವ ಲೆಕ್ಕ ಹಾಕಿ, ಆಮೇಲೆ ಕೇಬಲ್ ಮುಟ್ಟಿದೆವು.

ಇನ್‌ಕಮಿಂಗ್ ಕೇಬಲ್ 25 ಚದರ ಎಂಎಂ, ಮೂರೂವರೆ ಕೋರಿನ (ಮೂರು ಫೇಸ್ ವೈರು, ಜೊತೆಗೆ ತೆಳು ನ್ಯೂಟ್ರಲ್) ಅಲ್ಯೂಮಿನಿಯಂ ಆರ್ಮರ್ಡ್ (ಉಕ್ಕಿನ ಕವಚ ಇರುವುದು). ಹಳದಿ ಫೇಸಿನ ಇನ್ಸುಲೇಶನ್ ಲೋಹ ಕಾಣುವಷ್ಟು ಹೋಗಿತ್ತು, ಮೇಲೆ ಹಳೆಯ ಟೇಪ್ ಸುತ್ತಿತ್ತು. ನಮ್ಮ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಪ್ಯಾನೆಲ್ ಒಳಗೆ ಇನ್ನೂ ಜಾಸ್ತಿ. ಅಂಟು ಕರಗಿ ಟೇಪ್ ಜಾರಿತ್ತು. ಮೇಲ್ಪದರಕ್ಕೆ ಮಾತ್ರ ಗೀರು ಬಿದ್ದಿದ್ದರೆ ಬಿಸಿ ಮಾಡಿದರೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಸ್ಲೀವ್ ಸಾಕು. ಒಳಗಿನ ಲೋಹ ಕಂಡರೆ ಕತ್ತರಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ಯಾನೆಲ್ ಒಳಗೆ ಜಾಯಿಂಟ್ ಬೇಡವೇ ಬೇಡ. ಪುಣ್ಯಕ್ಕೆ ಹೊರಗಿನ ಚರಂಡಿಯಲ್ಲಿ ಒಂದು ಸುತ್ತು ಕೇಬಲ್ ಬಿಟ್ಟಿದ್ದರು. ಅದನ್ನು ಎಳೆದುಕೊಂಡು, ಕೆಟ್ಟ ತುದಿ ಕತ್ತರಿಸಿ, ಹೊಸದಾಗಿ ಲಗ್ ಹಾಕಿದೆವು. ಎಳೆಯುವಾಗ ಮೂಲೆಯಲ್ಲಿ ಒತ್ತಿ ಮಡಚಬಾರದು, ಕೇಬಲ್ ದಪ್ಪದ 12 ಪಟ್ಟಾದರೂ ತಿರುವಿನ ತ್ರಿಜ್ಯ ಇರಬೇಕು.

ಇಲ್ಲಿ ಒಂದು ಮಾತು. ಮೇನ್ ಸ್ವಿಚ್ ಆಫ್ ಮಾಡಿದರೂ ಅದಕ್ಕೆ ಬರುವ ಕಡೆಯ ಟರ್ಮಿನಲ್ಲುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಹೆಸ್ಕಾಂ ಲೈನ್‌ಮ್ಯಾನ್ ಕಂಬದಲ್ಲೇ ತೆಗೆದ ಮೇಲೆ, ಲೈಸೆನ್ಸ್ ಇರುವ ವೈರ್‌ಮ್ಯಾನ್ ಕೈಯಿಂದಲೇ ಈ ಭಾಗ ಮಾಡಿಸಿದೆ. ಅವರು ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಹಿಡಿದು ನೋಡಿ, ಆಮೇಲೆ ಇಲ್ಲಿ ಹಿಡಿದು, ಮತ್ತೆ ಅಲ್ಲಿ ಹಿಡಿದು ನೋಡಿದರು. ಟೆಸ್ಟರೇ ಸತ್ತಿದ್ದರೆ ಗೊತ್ತಾಗಬೇಕಲ್ವಾ.

ಬಸ್‌ಬಾರ್ (ಪ್ಯಾನೆಲ್ ಒಳಗೆ ಕರೆಂಟು ಹಂಚುವ ಲೋಹದ ಪಟ್ಟಿ) ತಾಮ್ರದ್ದು, ಕೇಬಲ್ ಅಲ್ಯೂಮಿನಿಯಂದು. ಎರಡನ್ನೂ ನೇರ ಒತ್ತಿದರೆ ತೇವಕ್ಕೆ ಅಲ್ಯೂಮಿನಿಯಂ ಕೊರೆಯುತ್ತದೆ, ಅದಕ್ಕೆ ಎರಡೂ ಲೋಹ ಇರುವ ಬೈಮೆಟಲ್ ಲಗ್ ತಂದೆವು. ಎಳೆಗಳನ್ನು ಬ್ರಶ್‌ನಿಂದ ಉಜ್ಜಿ, ಜಾಯಿಂಟ್ ಪೇಸ್ಟ್ ಹಚ್ಚಿ, ಸರಿ ಅಳತೆಯ ಡೈ (ಅಚ್ಚು) ಹಾಕಿ ಕ್ರಿಂಪ್ ಮಾಡಿದ್ದು, ಅಂದರೆ ಒತ್ತಿ ಬಿಗಿದಿದ್ದು. ಸುತ್ತಿಗೆಯಲ್ಲಿ ಬಡಿದ ಲಗ್ ನೋಡೋಕೆ ಗಟ್ಟಿ ಕಾಣಬಹುದು, ಒಳಗೆ ಸಂದಿ ಉಳಿದಿರುತ್ತದೆ. ಸಡಿಲ ಜಾಗದಲ್ಲಿ ಬರೀ 0.01 ಓಮ್ ತಡೆ ಇದ್ದರೂ 40 ಆಂಪಿಯರ್ ಹರಿದಾಗ ಅಲ್ಲೇ 16 ವ್ಯಾಟ್ ಶಾಖ ಹುಟ್ಟುತ್ತದೆ. ಸಾಮಾನ್ಯ ಪಿವಿಸಿ ತಡೆಯುವುದು 70 ಡಿಗ್ರಿ ಮಾತ್ರ. ನಮ್ಮಲ್ಲಿ ಹಾರಾಡುವ ಹತ್ತಿಯ ದೂಳು ಅಲ್ಲೇ ಕೂರುತ್ತದೆ, ಬೆಂಕಿಗೆ ಇನ್ನೇನು ಬೇಕು?

ಗ್ಲ್ಯಾಂಡ್ ಹಾಕಿದ್ದರಿಂದ ಆರ್ಮರ್ ಕೂಡ ಅರ್ಥಿಂಗ್‌ಗೆ ಸೇರಿತು. ಉಳಿದ ತೂತುಗಳಿಗೆ ಪ್ಲಗ್. ಸುಮ್ನೆ ಫೋಮ್ ತುಂಬಿದರೆ ಇಲಿ ಕಡಿದು ಬರುತ್ತದೆ, ಹಾಗಾಗಿ ಗೋಡೆಯ ಸಂದಿಗೆ ಉಕ್ಕಿನ ಉಣ್ಣೆ ತುರುಕಿ ಮೇಲೆ ಸಿಮೆಂಟ್.

ಮಗ್ಗದ ವೈರುಗಳಲ್ಲಿ ಬೇಸರ ತರಿಸಿದ್ದು ಬೇರೆಯೇ. ಎಂಸಿಬಿ (ಭಾರ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬಾಯಿಗೆ ಹಿಡಿಸಲ್ಲ ಅಂತ ಕೆಲವು ಎಳೆಗಳನ್ನೇ ಕತ್ತರಿಸಿದ್ದರು. ಉಳಿದ ಎಳೆಗಳು ಪೂರ್ತಿ ಭಾರ ಹೊತ್ತು ಕಂದಾಗಿದ್ದವು. ಅವನ್ನು ಒಳ್ಳೆಯ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಫೆರುಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಕೊಳವೆ) ಹಾಕಿ ಕೂರಿಸಿದೆ. ಉದ್ದ ಸಾಲದವುಗಳಿಗೆ ಪೂರ್ತಿ ಹೊಸ ವೈರು.

ಕರೆಂಟು ಕೊಡುವ ಮುಂಚೆ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಬಿಚ್ಚಿಟ್ಟು 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ತಡೆ ಅಳೆಯುವ ಮೀಟರ್) ಹಚ್ಚಿದೆವು. 1 ಮೆಗಾಓಮ್ ಕನಿಷ್ಠ, ನಮ್ಮದು ಎಲ್ಲ ಜೋಡಿಗಳಲ್ಲೂ ಅದಕ್ಕಿಂತ ಬಹಳ ಮೇಲೆ ಬಂತು. ಬೋಲ್ಟುಗಳನ್ನು ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿದು ಅಡ್ಡ ಪೇಂಟ್ ಗೆರೆ ಎಳೆದಿದ್ದೇನೆ, ನಡುಕಕ್ಕೆ ತಿರುಗಿದರೆ ಗೆರೆ ತಪ್ಪುತ್ತದೆ.

ಮುಂದಿನ ಕೆಲಸ ನ್ಯೂಟ್ರಲ್ ಲಿಂಕ್ ಮತ್ತು ಕೆಪ್ಯಾಸಿಟರ್ ವೈರಿಂಗ್. ಎಲ್ಲ ಮಗ್ಗ ಓಡುವಾಗ ಮೂರೂ ಫೇಸಿನ ಲಗ್ ಶಾಖ ಅಳೆಯುವುದಿದೆ. ಹೊಳೆಯುವ ಲೋಹದ ಮೇಲೆ ಐಆರ್ ಥರ್ಮಾಮೀಟರ್ (ಮುಟ್ಟದೆ ದೂರದಿಂದ ಶಾಖ ಅಳೆಯುವುದು) ಕಡಿಮೆ ತೋರಿಸುತ್ತದೆ, ಅದಕ್ಕೇ ಕರೆಂಟು ಇಲ್ಲದಾಗಲೇ ಲಗ್ ಮೇಲೆ ಕಪ್ಪು ಟೇಪಿನ ಚೂರು ಅಂಟಿಸಿಟ್ಟಿದ್ದೇನೆ.