ಮಿಷನ್‌ನಲ್ಲಿ ಪರೀಕ್ಷೆ ಆಯ್ತಲ್ಲ, ಮತ್ತೆ ಈ 25 ಪ್ರಶ್ನೆ ಯಾಕೆ?

ಕೋಲಾರದಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಆಡಿಯಾಲಜಿಸ್ಟ್ ಅನ್ನುತ್ತಾರೆ. ಕಿವಿಯಲ್ಲಿ ಗುಂಯ್ ಅನ್ನುತ್ತೆ, ಜೀರುಂಡೆ ಕೂಗಿದ ಹಾಗಿದೆ, ಕುಕ್ಕರ್ ಸೀಟಿ ನಿಲ್ಲೋದೇ ಇಲ್ಲ ಅಂತ ಬರುವವರಿಗೆ ಪರೀಕ್ಷೆ ಮುಗಿದ ಮೇಲೆ ಒಂದು ಹಾಳೆ ಕೊಡುತ್ತೇನೆ. ಅದರಲ್ಲಿ 25 ಪ್ರಶ್ನೆ. ಹಾಳೆ ನೋಡಿದ ಕೂಡಲೇ ಹೆಚ್ಚುಕಮ್ಮಿ ಎಲ್ಲರೂ ಕೇಳುವುದು ಒಂದೇ: "ಮಿಷನ್‌ನಲ್ಲಿ ಎಲ್ಲಾ ಗೊತ್ತಾಯ್ತಲ್ಲ ಮೇಡಂ, ಮತ್ತೆ ಇದನ್ನೆಲ್ಲ ಯಾಕೆ ಕೇಳ್ತೀರ?"

ಎಲ್ಲಾ ಗೊತ್ತಾಗಿರುವುದಿಲ್ಲ. ಹೊರಗಿನ ಸದ್ದು ನಿಮಗೆ ಎಷ್ಟು ಕೇಳಿಸುತ್ತದೆ ಅನ್ನುವುದನ್ನು ಮಾತ್ರ ಮಿಷನ್ ಹೇಳುತ್ತದೆ. ಒಳಗಿನ ಸದ್ದು, ಅಂದರೆ ಟಿನಿಟಸ್, ಸಾಮಾನ್ಯವಾಗಿ ನಿಮಗೊಬ್ಬರಿಗೇ ಕೇಳುವುದು. ಹೆಡ್‌ಫೋನ್‌ನಲ್ಲಿ ಬೇರೆ ಬೇರೆ ಸದ್ದು ಕೊಟ್ಟು, ನಿಮ್ಮದು ಇಷ್ಟು ಜೋರಾ ಅಂತ ಹೋಲಿಸಿ ನೋಡಬಹುದು. ಆದರೆ ಆ ಅಳತೆಗೂ ಮನುಷ್ಯ ಪಡುವ ಕಷ್ಟಕ್ಕೂ ಸರಿಯಾಗಿ ತಾಳೆ ಆಗುವುದಿಲ್ಲ. ಕೆಜಿಎಫ್ ಗಣಿಯೊಳಗೆ ವರ್ಷಗಟ್ಟಲೆ ಡ್ರಿಲ್ಲಿಂಗ್ ಮಾಡಿದ ಹಿರಿಯರು ಬರುತ್ತಾರೆ. ಗಣಿ 2001ರಲ್ಲೇ ಮುಚ್ಚಿತು, ಅವರ ಕಿವಿಯ ಸದ್ದು ಇನ್ನೂ ಇದೆ. ಕೆಲವರು "ಅದಿರುತ್ತೆ ಬಿಡಿ" ಅಂತ ಹಾಯಾಗಿ ನಿದ್ದೆ ಮಾಡುತ್ತಾರೆ. ಪರೀಕ್ಷೆಯಲ್ಲಿ ಕಿವಿ ಚೆನ್ನಾಗಿಯೇ ಇರುವ ಹುಡುಗನೊಬ್ಬ ಸಣ್ಣ ಸೀಟಿಯ ಸದ್ದಿಗೆ ವಾರಗಟ್ಟಲೆ ಕಣ್ಣು ಮುಚ್ಚಿರುವುದಿಲ್ಲ. ಇಬ್ಬರಲ್ಲಿ ಯಾರಿಗೆ ಮೊದಲು ಸಹಾಯ ಬೇಕು ಅಂತ ಆಡಿಯೋಗ್ರಾಂ, ಅಂದರೆ ಮಿಷನ್ ಪರೀಕ್ಷೆಯ ನಕ್ಷೆ, ಹೇಳುವುದಿಲ್ಲ. ಅದಕ್ಕೇ ಈ ಹಾಳೆ.

ನಾನು ಮೊದಲು ಕೊಡುವುದು ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ. 1996ರಲ್ಲಿ ಅಮೆರಿಕದಲ್ಲಿ ನ್ಯೂಮನ್, ಜೇಕಬ್ಸನ್, ಸ್ಪಿಟ್ಜರ್ ಅನ್ನುವವರು ಮಾಡಿದ್ದು. ಹೌದು ಅಂದರೆ 4, ಕೆಲವು ಸಲ ಅಂದರೆ 2, ಇಲ್ಲ ಅಂದರೆ 0. ಒಟ್ಟು 100. 16ರವರೆಗೆ ತೀರಾ ಕಡಿಮೆ, 18ರಿಂದ 36 ಸ್ವಲ್ಪ, 38ರಿಂದ 56 ಮಧ್ಯಮ, 58ರಿಂದ 76 ಜಾಸ್ತಿ, 78ರಿಂದ ಮೇಲೆ ತುಂಬಾನೇ ಜಾಸ್ತಿ. ಲೆಕ್ಕ ಸುಲಭ. ಕಷ್ಟ ಇರುವುದು ಕೇಳುವುದರಲ್ಲಿ.

ಹೂ ಕಟ್ಟಿ ಮಾರುವ ಒಬ್ಬ ಅಮ್ಮ ಬಂದಿದ್ದರು. ಅರವತ್ತರ ಹತ್ತಿರದ ವಯಸ್ಸು. ಓದು ಬರಹ ಇಲ್ಲ, ಹಾಗಾಗಿ ಪ್ರಶ್ನೆಗಳನ್ನು ನಾನೇ ಓದಿ ಹೇಳಿದೆ. ಈ ಸದ್ದಿನಿಂದ ಓದೋದಕ್ಕೆ ಕಷ್ಟ ಆಗುತ್ತಾ? "ಇಲ್ಲ." ಹೊರಗೆ ಊಟಕ್ಕೆ, ಸಿನಿಮಾಗೆ ಹೋಗಿ ಖುಷಿಪಡೋದಕ್ಕೆ ಅಡ್ಡಿಯಾಗುತ್ತಾ? "ಇಲ್ಲ." ಎರಡಕ್ಕೂ ಸೊನ್ನೆ. ಒಟ್ಟು 32 ಬಂತು. ಹಾಳೆಯ ಲೆಕ್ಕದಲ್ಲಿ ಸ್ವಲ್ಪ ತೊಂದರೆ, ಅಷ್ಟೇ. ಆದರೆ ಆ ಮುಖ ಹಾಗೆ ಹೇಳುತ್ತಿರಲಿಲ್ಲ. ಓದೇ ಬರದವರಿಗೆ ಓದುವ ಕಷ್ಟ ಎಲ್ಲಿಂದ ಬರಬೇಕು? ಸಿನಿಮಾಗೆ ಹೋಗಿಯೇ ಎಷ್ಟೋ ವರ್ಷ ಆಗಿತ್ತು.

"ಹೂ ಕಟ್ಟುವಾಗ ಹೇಗಮ್ಮ?" ಅಂದೆ. ಕೈಯಲ್ಲಿ ದಾರ ಇರುವ ಹಾಗೆ ಎರಡು ಬೆರಳು ಆಡಿಸಿದರು. "ಬೆಳಿಗ್ಗೆ ನಾಲ್ಕಕ್ಕೆ ಕೂತ್ಕೋತೀನಿ ಮೇಡಂ. ಎಲ್ಲಾ ನಿಶ್ಶಬ್ದ ಅಲ್ವಾ, ಇದು ಶುರುವಾಗುತ್ತೆ. ಮೊಳದ ಲೆಕ್ಕ ತಪ್ಪಿ ಹೋಗುತ್ತೆ, ಬಿಚ್ಚಿ ಮತ್ತೆ ಅಳೀಬೇಕು." ಶನಿವಾರದ ಭಜನೆ? ಬಿಟ್ಟು ಆರು ತಿಂಗಳಾಯಿತಂತೆ. ಓದು, ಸಿನಿಮಾ ಬದಲು ಹೂವು, ಭಜನೆ ಅಂತ ಕೇಳಿದರೆ ಎರಡಕ್ಕೂ ಹೌದು. 32 ಇದ್ದದ್ದು 40 ಆಯಿತು, ಮಧ್ಯಮದ ಸಾಲಿಗೆ ಬಂತು.

ಹಾಗಂತ ನಾನು ಪ್ರಶ್ನೆಯನ್ನೇ ಬದಲಿಸಿ ಆ 40 ಅನ್ನು ಅಸಲಿ ಅಂಕ ಅಂತ ಬರೆಯುವ ಹಾಗಿಲ್ಲ. ಪ್ರಶ್ನೆ ಬದಲಾದರೆ ಬೇರೆಯವರ ಅಂಕದ ಜೊತೆ ಹೋಲಿಸುವ ಹಕ್ಕು ಹೋಗುತ್ತದೆ. ಸರಿಯಾದ ದಾರಿ ಉದ್ದದ್ದು: ಒಬ್ಬರು ನಮ್ಮ ಜನರ ಮಾತಿಗೆ ತರಬೇಕು, ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷ್‌ಗೆ ಹಾಕಬೇಕು, ಎಲ್ಲಿ ಅರ್ಥ ಜಾರಿತು ನೋಡಬೇಕು, ಆಮೇಲೆ ನೂರಾರು ಜನರಿಗೆ ಕೊಟ್ಟು ಪರೀಕ್ಷಿಸಬೇಕು. ಒಬ್ಬಳೇ ಕೂತು ಮಾಡುವ ಕೆಲಸ ಅಲ್ಲ. ಅದಕ್ಕೆ ಎರಡೂ ಅಂಕ ಬರೆದಿಟ್ಟೆ, ಯಾವ ಪ್ರಶ್ನೆ ಹೇಗೆ ಕೇಳಿದೆ ಅಂತ ಪಕ್ಕದಲ್ಲಿ ಗುರುತು ಮಾಡಿಕೊಂಡೆ.

ನಮ್ಮ ಕಡೆ ಇನ್ನೊಂದು ತೊಡಕು ಇದೆ. ಕೋಲಾರದಲ್ಲಿ ಎಷ್ಟೋ ಮನೆಯ ಮಾತು ತೆಲುಗು, ಕೆಜಿಎಫ್ ಕಡೆ ತಮಿಳು. ಒಬ್ಬರು ‘ಚೆವಿಲೋ ಹೋರು’ ಅನ್ನುತ್ತಾರೆ, ಇನ್ನೊಬ್ಬರು ‘ಕಾದುಲ ಇರೈಚ್ಚಲ್’ ಅನ್ನುತ್ತಾರೆ. ಅಂಥವರಿಗೆ ‘ಹತಾಶೆ ಆಗುತ್ತದೆಯೇ’ ಅಂತ ಓದಿ ಹೇಳಿದರೆ ಮರ್ಯಾದೆಗೆ ಹ್ಞೂಂ ಅನ್ನುತ್ತಾರೆ. ಆ ಹ್ಞೂಂಗೆ ನಾಲ್ಕು ಅಂಕ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಬದುಕೇ ಬೇಡ ಅನ್ನಿಸುತ್ತಾ ಅಂತ ಈ ಹಾಳೆ ನೇರವಾಗಿ ಕೇಳುವುದೂ ಇಲ್ಲ. ಅದನ್ನು ನಾನು ಬೇರೆಯಾಗಿ, ಬಾಗಿಲು ಹಾಕಿ ಕೇಳುತ್ತೇನೆ. ಹಾಗೆ ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲು ರಾತ್ರಿ ಸಿಗುತ್ತದೆ. ದಯವಿಟ್ಟು ಕರೆ ಮಾಡಿ.

ಚಿಕಿತ್ಸೆಯಿಂದ ಎಷ್ಟು ಕಮ್ಮಿ ಆಯಿತು ಅಂತ ನೋಡಲು ಇನ್ನೊಂದು ಹಾಳೆ ಚೆನ್ನಾಗಿದೆ: 2012ರ ಟಿನಿಟಸ್ ಫಂಕ್ಷನಲ್ ಇಂಡೆಕ್ಸ್. ಅದರಲ್ಲೂ 25 ಪ್ರಶ್ನೆ, ಆದರೆ ಉತ್ತರ 0ಯಿಂದ 10ರವರೆಗೆ. ಹೋದ ಒಂದು ವಾರದ ಬಗ್ಗೆ ಮಾತ್ರ ಕೇಳುತ್ತದೆ. ಹೌದು, ಕೆಲವು ಸಲ, ಇಲ್ಲ ಅನ್ನುವ ಮೂರೇ ಮೆಟ್ಟಿಲಲ್ಲಿ ಸಣ್ಣ ಸುಧಾರಣೆ ಕಾಣುವುದಿಲ್ಲ, ಇಲ್ಲಿ ಕಾಣುತ್ತದೆ. ನಿದ್ದೆ, ಗಮನ, ಕೇಳಿಸುವ ಕಷ್ಟ ಎಲ್ಲಾ ಬೇರೆ ಬೇರೆ ಭಾಗ. ಇದು ನನಗೆ ತುಂಬಾ ಮುಖ್ಯ, ಯಾಕಂದರೆ ಕಿವಿ ಮಂದವಾಗಿ ಮಾತು ಕೇಳದಿದ್ದರೂ ಜನ ಆ ತಪ್ಪನ್ನು ಸದ್ದಿನ ಮೇಲೇ ಹಾಕುತ್ತಾರೆ. ಹತ್ತರಲ್ಲಿ ಎಷ್ಟು ಅನ್ನುವುದು ವಯಸ್ಸಾದವರಿಗೆ ಹೊಳೆಯದಿದ್ದರೆ "ಹತ್ತು ರೂಪಾಯಿಯಲ್ಲಿ ಎಷ್ಟು ರೂಪಾಯಿ ಕಷ್ಟ?" ಅನ್ನುತ್ತೇನೆ. ತಕ್ಷಣ ಉತ್ತರ ಬರುತ್ತದೆ.

ಜೊತೆಗೆ ಬಂದ ಮಗನೋ ಸೊಸೆಯೋ ಉತ್ತರ ಹೇಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. "ಅಪ್ಪನಿಗೆ ಅಂಥದ್ದೇನಿಲ್ಲ ಮೇಡಂ" ಅನ್ನುವಾಗ ಅಪ್ಪ ನೆಲ ನೋಡುತ್ತಿರುತ್ತಾರೆ.

ಆ ಹೂವಿನ ಅಮ್ಮನಿಗೆ ಕಿವಿ ಸ್ವಲ್ಪ ಮಂದ ಇತ್ತು, ಕಿವಿಗೆ ಹಾಕುವ ಶ್ರವಣ ಸಾಧನ ಕೊಟ್ಟೆವು. ಬೆಳಿಗ್ಗೆ ಕೂರುವಾಗ ಪಕ್ಕದಲ್ಲಿ ರೇಡಿಯೋ ಸಣ್ಣಗೆ ಹಾಕಿಕೊಳ್ಳಿ ಅಂದೆ. ಮೂರು ತಿಂಗಳು ಬಿಟ್ಟು ಅದೇ ಪ್ರಶ್ನೆಗಳನ್ನು ಅದೇ ಮಾತಿನಲ್ಲಿ ಕೇಳಿದೆ. 40 ಇದ್ದದ್ದು 28. ನಿಜವಾದ ಬದಲಾವಣೆ ಅನ್ನಲು 20 ಅಂಕ ಇಳಿಯಬೇಕು ಅಂತ ಈ ಹಾಳೆ ಮಾಡಿದವರು 1998ರಲ್ಲಿ ಹೇಳಿದ್ದರು. ರೋಗಿಗೆ ವ್ಯತ್ಯಾಸ ಗೊತ್ತಾಗಲು 7 ಸಾಕು ಅಂತ 2011ರ ಅಧ್ಯಯನ ಹೇಳಿತು. ನಮ್ಮ 12 ಎರಡರ ನಡುವೆ ನಿಂತಿತು. ಹೂ ಕಟ್ಟುವ ಪ್ರಶ್ನೆಗೆ "ಕೆಲವು ಸಲ" ಅಂದರು.

"ಭಜನೆಗೆ?"

"ಇನ್ನೂ ಇಲ್ಲ ಮೇಡಂ. ತಾಳದ ಸದ್ದು ತಡೆಯೋಕಾಗಲ್ಲ."

ಮುಂದಿನ ಮೂರು ತಿಂಗಳು ನಾವಿಬ್ಬರೂ ಆ ತಾಳದ ಮೇಲೇ ಕೆಲಸ ಮಾಡುತ್ತೇವೆ.