ಫಿಟ್ಸ್ ಇಲ್ಲದ ಮಗುವಿಗೆ ಫಿಟ್ಸ್ ಮಾತ್ರೆ ಯಾಕೆ ಬರೆದರು?

ದಾವಣಗೆರೆಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಮಾತ್ರೆ ತಗೊಂಡು, ದುಡ್ಡು ಕೊಟ್ಟ ಮೇಲೂ ಕೆಲವರು ಹೋಗುವುದಿಲ್ಲ. ಬೇರೆ ಗಿರಾಕಿಗಳು ಹೋಗಲಿ ಅಂತ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: “ಅಕ್ಕಾ, ನಮ್ಮ ಹುಡುಗನಿಗೆ ಆಟಿಸಂ ಅಂದಾರೆ. ಫಿಟ್ಸ್ ಒಂದ್ಸಲನೂ ಬಂದಿಲ್ಲ. ಇದು ಫಿಟ್ಸ್ ಗುಳಿಗೆ ಅಂತಲ್ಲ, ಯಾಕೆ ಬರೆದಾರೆ?”

ಈ ಪ್ರಶ್ನೆ ಹಿಂದೆ ಎರಡು ಭಯ ಇರುತ್ತವೆ. ಡಾಕ್ಟರ್ ಏನೋ ಮುಚ್ಚಿಟ್ಟಿದ್ದಾರೆ ಅನ್ನುವುದು ಒಂದು. ‘ಮೂರ್ಛೆ ರೋಗದ ಮನೆ’ ಅಂತ ಹೆಸರು ಬಂದರೆ ಅಕ್ಕ ತಂಗಿಯರ ಮದುವೆಗೆ ತೊಂದರೆ ಆಗುತ್ತೆ ಅನ್ನುವುದು ಇನ್ನೊಂದು. ಅದಕ್ಕೇ ಎಷ್ಟೋ ಮಂದಿ ಮಾತ್ರೆಯ ಡಬ್ಬಿಯನ್ನು ಇಲ್ಲೇ ಬಿಟ್ಟು, ಬರೀ ಸ್ಟ್ರಿಪ್ ತಗೊಂಡು ಹೋಗುತ್ತಾರೆ.

ಮೊದಲು ಇಷ್ಟು ತಿಳಿದುಕೊಳ್ಳಿ. ಒಂದೇ ಔಷಧಿಯನ್ನು ಹಲವು ತೊಂದರೆಗೆ ಕೊಡುತ್ತಾರೆ. ಸೋಡಿಯಂ ವಾಲ್ಪ್ರೊಯೇಟ್ ಫಿಟ್ಸ್‌ಗೂ ಹೌದು, ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಗೂ ಹೌದು, ಮೈಗ್ರೇನ್ ತಲೆನೋವು ಮತ್ತೆ ಮತ್ತೆ ಬರದಂತೆ ತಡೆಯುವುದಕ್ಕೂ ಹೌದು. ಕಾರ್ಬಮಜೆಪಿನ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ ಮುಖದ ನರದ ನೋವಿಗೂ ಬೇಕು. ಇವು ಮೆದುಳಿನ ನರಕೋಶಗಳು ವಿಪರೀತ ಕೆರಳುವುದನ್ನು ತಗ್ಗಿಸುತ್ತವೆ. ಹಾಗಾಗಿ ವಿಪರೀತ ಸಿಟ್ಟು, ಕಚ್ಚುವುದು, ತಲೆ ಚಚ್ಚಿಕೊಳ್ಳುವುದು ಇವಕ್ಕೂ ಉಪಯೋಗ ಆಗಬಹುದು ಅಂತ ಡಾಕ್ಟರ್‌ಗಳು ಪ್ರಯತ್ನಿಸುತ್ತಾರೆ. ಚೀಟಿಯಲ್ಲಿ ವಾಲ್ಪ್ರೊಯೇಟ್ ಇದೆ ಅಂದ ಮಾತ್ರಕ್ಕೆ ನಿಮ್ಮ ಮಗುವಿಗೆ ಫಿಟ್ಸ್ ಇದೆ ಅಂತ ಅರ್ಥ ಅಲ್ಲ.

ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. ಇದರಿಂದ ಸಿಟ್ಟು ಕಡಿಮೆ ಆಗುತ್ತಾ? ಕೆಲವರಿಗೆ ಆಗುತ್ತೆ, ಎಲ್ಲರಿಗೂ ಇಲ್ಲ. ಅಮೆರಿಕದಲ್ಲಿ ಆಟಿಸಂ ಇರುವವರಿಗೆ ವಾಲ್ಪ್ರೊಯೇಟ್ ಕೊಟ್ಟು, ಇನ್ನು ಕೆಲವರಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ ಕೊಟ್ಟು, ಹೋಲಿಸಿ ನೋಡಿದ್ದಾರೆ. 2005ರ ಅಧ್ಯಯನದಲ್ಲಿ ಖಾಲಿ ಮಾತ್ರೆಗೂ ಔಷಧಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2010ರದ್ದರಲ್ಲಿ ಸಿಡುಕು ಚೆನ್ನಾಗಿಯೇ ಇಳಿಯಿತು. ಎರಡೂ ಚಿಕ್ಕ ಅಧ್ಯಯನಗಳು, ಯಾವುದರಲ್ಲೂ 30ಕ್ಕಿಂತ ಜಾಸ್ತಿ ಜನ ಇರಲಿಲ್ಲ. ಲ್ಯಾಮೊಟ್ರಿಜಿನ್, ಲೆವೆಟಿರಸಿಟಮ್ ಅನ್ನುವ ಬೇರೆ ಫಿಟ್ಸ್ ಮಾತ್ರೆಗಳು ಕೂಡ ಇಂಥ ಪರೀಕ್ಷೆಗಳಲ್ಲಿ ಖಾಲಿ ಮಾತ್ರೆಗಿಂತ ಮೇಲು ಅಂತ ತೋರಿಸಲಿಲ್ಲ. ಆಟಿಸಂ ಮಕ್ಕಳ ವಿಪರೀತ ಸಿಡುಕಿಗೆ ಅಂತಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ರಿಸ್ಪೆರಿಡೋನ್‌ಗೆ 2006ರಲ್ಲಿ, ಅರಿಪಿಪ್ರಜೋಲ್‌ಗೆ 2009ರಲ್ಲಿ. ಇವೆರಡೂ ಫಿಟ್ಸ್ ಮಾತ್ರೆಗಳಲ್ಲ. ಇವಕ್ಕೂ ತೂಕ ಏರುವುದು, ಮಂಪರು ಬರುವುದು ಅಂತ ಅವುಗಳದೇ ಕಾಟ ಇದೆ. ಯಾವ ಮಾತ್ರೆಯಿಂದಲೂ ಆಟಿಸಂ ಹೋಗುವುದಿಲ್ಲ. “ಇದರಿಂದ ಮಾತು ಬರುತ್ತಾ ಅಕ್ಕಾ?” ಅಂತ ಕೇಳುವವರಿಗೆ ‘ಇಲ್ಲ’ ಅಂತ ಹೇಳುವಾಗ ಸಂಕಟ ಆಗುತ್ತೆ. ಆದರೂ ಹೇಳುತ್ತೇನೆ.

ಹಾಗಂತ ಡಾಕ್ಟರ್ ಸುಮ್ನೆ ಬರೆದಿದ್ದಾರೆ ಅಂದುಕೊಳ್ಳಬೇಡಿ. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಬೇರೆ ಮಕ್ಕಳಿಗಿಂತ ಜಾಸ್ತಿ. ತೀರಾ ಚಿಕ್ಕ ವಯಸ್ಸಿನಲ್ಲಿ ಬರಬಹುದು, ಇಲ್ಲವೇ ಹದಿಹರೆಯದಲ್ಲಿ ಶುರುವಾಗಬಹುದು. ಫಿಟ್ಸ್ ಅಂದರೆ ಬಿದ್ದು ಒದ್ದಾಡಿ, ಬಾಯಲ್ಲಿ ನೊರೆ ಬರುವುದು ಅಂತಲೇ ನಮ್ಮ ಕಡೆ ತಿಳಿದಿದ್ದಾರೆ. ತಟ್ಟೆಯಿಂದ ಬಾಯಿಗೆ ಹೊರಟ ಕೈ ಅಲ್ಲೇ ನಿಂತು, ಕಣ್ಣು ಒಂದೇ ಕಡೆ ನೆಟ್ಟು, ಕೆಲವು ಕ್ಷಣ ಆದ ಮೇಲೆ ಏನೂ ಆಗದವರ ಹಾಗೆ ಊಟ ಮುಂದುವರಿಸುವುದೂ ಫಿಟ್ಸ್ ಇರಬಹುದು. ಈ ಮಕ್ಕಳು ಕರೆದರೆ ತಿರುಗದಿರುವುದು ಮೊದಲಿನಿಂದ ಇರುವುದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಅಂಥದ್ದು ಕಂಡರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಡಾಕ್ಟರ್‌ಗೆ ತೋರಿಸಿ. ನೀವು ಬಾಯಲ್ಲಿ ಹೇಳುವುದಕ್ಕಿಂತ ಅದು ಎಷ್ಟೋ ಉಪಯೋಗ. ನಿಜವಾಗಿ ಫಿಟ್ಸ್ ಇದ್ದರೆ ಮಾತ್ರೆ ಬೇಕೇ ಬೇಕು, ಅಲ್ಲಿ ಯೋಚನೆ ಮಾಡುವಂಥದ್ದಿಲ್ಲ. ತಲೆಗೆ ವೈರ್ ಅಂಟಿಸಿ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆಯ ರಿಪೋರ್ಟ್ ಒಂದನ್ನೇ ನೋಡಿ ಹೆದರಬೇಡಿ. ಫಿಟ್ಸ್ ಇಲ್ಲದ ಆಟಿಸಂ ಮಕ್ಕಳಲ್ಲೂ ಇಇಜಿಯಲ್ಲಿ ಏರುಪೇರು ಕಾಣುವುದುಂಟು.

ಸಿಟ್ಟಿಗೆ ಮಾತ್ರೆ ಶುರು ಮಾಡುವ ಮುಂಚೆ ನೋವು ಎಲ್ಲಾದರೂ ಇದೆಯಾ ಅಂತ ಹುಡುಕಲೇಬೇಕು. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಸಿಟ್ಟಿಗೆ ಬರೆದ ಮಾತ್ರೆಯ ಚೀಟಿ ಹಿಡಿದು ಜಗಳೂರು ಕಡೆಯ ಒಂದು ಕುಟುಂಬ ಬಂದಿತ್ತು. ಮಾತು ಬಾರದ ಹುಡುಗ. ಕೆಲವು ವಾರಗಳಿಂದ ಕೆನ್ನೆಗೆ ಪಟಪಟ ಹೊಡೆದುಕೊಳ್ಳುತ್ತಿದ್ದ, ತಡೆಯಲು ಹೋದವರನ್ನು ಕಚ್ಚುತ್ತಿದ್ದ. ಅಂಗಡಿ ಕಟ್ಟೆ ಮೇಲೆ ಕೂತಿದ್ದಾಗಲೂ ಹೊಡೆದುಕೊಂಡ. ಹೊಡೆತ ಎಲ್ಲಾ ಬಲಗೆನ್ನೆಗೇ, ಎಡಗೆನ್ನೆಗೆ ಒಂದೂ ಇಲ್ಲ. ಜೊತೆಗೆ ಬಂದಿದ್ದ ಅಜ್ಜಿ, “ಮಂಡಕ್ಕಿನೂ ಒಂದೇ ಕಡೆ ಅಗಿತಾನವ್ವಾ” ಅಂದರು. ಊರಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಮೊದಲು ಹಲ್ಲು ತೋರಿಸಿ, ಅಲ್ಲಿ ಏನಂದರು ಅಂತ ಡಾಕ್ಟರ್‌ಗೂ ತಿಳಿಸಿ ಅಂದೆ. ಹಿಂದಿನ ದವಡೆ ಹಲ್ಲು ಹುಳುಕಾಗಿ ಒಳಗೆ ಕೀವು ತುಂಬಿತ್ತು. ಅದನ್ನು ಕೀಳಿಸಿದ ಮೇಲೆ ಹೊಡೆದುಕೊಳ್ಳುವುದು ನಿಂತಿತು, ಡಾಕ್ಟರ್ ಆ ಮಾತ್ರೆಯನ್ನೇ ಬೇಡ ಅಂದರು. ಎಲ್ಲರದ್ದೂ ಹಲ್ಲೇ ಆಗಿರುವುದಿಲ್ಲ. ಮಲಬದ್ಧತೆ ಇರಬಹುದು, ಕಿವಿ ಸೋರುತ್ತಿರಬಹುದು, ಎದೆಯುರಿ ಇರಬಹುದು, ರಾತ್ರಿ ನಿದ್ದೆಯೇ ಇಲ್ಲದಿರಬಹುದು. ಬರೀ ಮಂಡಕ್ಕಿ, ಬಿಸ್ಕೆಟ್ ತಿನ್ನುವ ಮಗುವಿಗೆ ಹೊಟ್ಟೆ ಕಟ್ಟಿಕೊಳ್ಳದೆ ಇರುತ್ತಾ?

ಮಾತ್ರೆಯಿಂದಲೇ ಸಿಟ್ಟು ಬರುವುದೂ ಉಂಟು. ಫಿಟ್ಸ್‌ಗೆ ಲೆವೆಟಿರಸಿಟಮ್ ಶುರುವಾದ ಮೇಲೆ ಕೆಲವು ಮಕ್ಕಳು ವಿಪರೀತ ಕೆರಳುತ್ತಾರೆ. ಫಿನೋಬಾರ್ಬಿಟೋನ್ ಅನ್ನುವ ಫಿಟ್ಸ್ ಮಾತ್ರೆ ಕೆಲವರನ್ನು ಒಂದು ಕಡೆ ಕೂರದ ಹಾಗೆ ಮಾಡುತ್ತೆ. ಹೊಸ ಮಾತ್ರೆ ಬಂದ ವಾರದಿಂದಲೇ ಮಗು ಬದಲಾಗಿದ್ದರೆ, ಶುರುವಾದ ತಾರೀಖಿನ ಸಮೇತ ಡಾಕ್ಟರ್‌ಗೆ ಹೇಳಿ. ಇಲ್ಲದಿದ್ದರೆ ಆ ಸಿಟ್ಟಿಗೆ ಅಂತ ಇನ್ನೊಂದು ಮಾತ್ರೆ ಸೇರಿಕೊಳ್ಳುತ್ತೆ.

ಇಷ್ಟೆಲ್ಲಾ ನೋಡಿಯೂ ಡಾಕ್ಟರ್ ಕೊಡೋಣ ಅಂದರೆ ಕೊಡಿ. ಆದರೆ ಒಂದು ಮಾತು ಕೇಳಿ ಬನ್ನಿ: ‘ಯಾವುದು ಕಡಿಮೆ ಆಗಬೇಕು ಅಂತ ಇದು? ಎಷ್ಟು ವಾರಕ್ಕೆ ಗೊತ್ತಾಗುತ್ತೆ?’ ಮನೆಯಲ್ಲಿ ಕ್ಯಾಲೆಂಡರ್ ಮೇಲೆ ದಿನಾ ಗುರುತು ಹಾಕಿ. ಇವತ್ತು ಎಷ್ಟು ಸಲ ಕಚ್ಚಿದ, ಅದಕ್ಕೆ ಮುಂಚೆ ಏನು ನಡೆದಿತ್ತು, ಎಷ್ಟು ಹೊತ್ತು ಮಲಗಿದ. ಮಾತ್ರೆ ಶುರುವಾಗುವ ಒಂದು ವಾರ ಮುಂಚಿನಿಂದಲೇ ಬರೆದರೆ ಇನ್ನೂ ಒಳ್ಳೆಯದು. ಈ ಲೆಕ್ಕ ಇಲ್ಲದೆ ಶುರುವಾದ ಮಾತ್ರೆ ಉಪಯೋಗ ಆಯಿತೋ ಇಲ್ಲವೋ ತಿಳಿಯದೆ ವರ್ಷಗಟ್ಟಲೆ ನಡೆಯುತ್ತೆ. ಅಂಥ ಹಳೇ ಚೀಟಿಗಳು ನನ್ನ ಕೈಗೆ ಬಂದಾಗ ಬೇಜಾರಾಗುತ್ತೆ. ನಡವಳಿಕೆಗೆ ಥೆರಪಿಯೂ ಜೊತೆಗೆ ಬೇಕು. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ (ಅಂಗವಿಕಲರ ಪುನರ್ವಸತಿ ಕೇಂದ್ರ) ಇದೆ, ಅಲ್ಲಿ ವಿಚಾರಿಸಿ.

ಇನ್ನು ಕೊಡುವ ವಿಧಾನ. ವಾಲ್ಪ್ರೊಯೇಟ್ ಸಿರಪ್ ಸಾಮಾನ್ಯವಾಗಿ 5 ಎಂಎಲ್‌ಗೆ 200 ಮಿಲಿಗ್ರಾಂ ಇರುತ್ತೆ. ಅಡುಗೆಮನೆ ಚಮಚದಲ್ಲಿ ಹಾಕಿದರೆ ಒಂದು ಮನೆಯಲ್ಲಿ ಕಡಿಮೆ, ಇನ್ನೊಂದು ಮನೆಯಲ್ಲಿ ಜಾಸ್ತಿ ಆಗುತ್ತೆ. ಅಳತೆ ಕಪ್ ಕಳೆದಿದ್ದರೆ ಸೂಜಿ ಇಲ್ಲದ ಸಿರಿಂಜ್ ಕೇಳಿ ತಗೊಳ್ಳಿ. ಹೆಸರಿನ ಮುಂದೆ ಸಿಆರ್ ಅಥವಾ ಕ್ರೋನೋ ಅಂತ ಇರುವ ಮಾತ್ರೆ ನಿಧಾನವಾಗಿ ಕರಗಲಿ ಅಂತ ಮಾಡಿದ್ದು. ಅದನ್ನು ಕುಟ್ಟಿ ಪುಡಿ ಮಾಡಿ ಅನ್ನದಲ್ಲಿ ಕಲಸಬೇಡಿ. ದಿನವಿಡೀ ಇಳಿಯಬೇಕಾದ ಔಷಧಿ ಒಟ್ಟಿಗೇ ಇಳಿದುಬಿಡುತ್ತೆ. ಮಗು ನುಂಗುವುದಿಲ್ಲ ಅಂದರೆ ಹೇಳಿ, ಡಾಕ್ಟರ್ ಸಿರಪ್‌ಗೆ ಬದಲಾಯಿಸಿ ಕೊಡುತ್ತಾರೆ.

ವಾಲ್ಪ್ರೊಯೇಟ್ ತಗೊಳ್ಳುವ ಮಗು ಮೇಲಿಂದ ಮೇಲೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಕಣ್ಣು ಹಳದಿಯಾದರೆ, ಹೊಟ್ಟೆನೋವು ಅಂತ ಮುದುಡಿಕೊಂಡರೆ, ಪೆಟ್ಟಾಗದೆ ಮೈಮೇಲೆ ನೀಲಿ ಕಲೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಲಿವರ್, ಪ್ಲೇಟ್ಲೆಟ್ ರಕ್ತ ಪರೀಕ್ಷೆ ಬರೆಯುವುದು ಇದಕ್ಕೇ. ಲ್ಯಾಮೊಟ್ರಿಜಿನ್, ಕಾರ್ಬಮಜೆಪಿನ್ ಶುರುವಾದ ಹೊಸದರಲ್ಲಿ ಮೈಮೇಲೆ ಗಂಧೆ ಎದ್ದರೆ ಅದೇ ದಿನ ತೋರಿಸಿ. ಕೆಮ್ಮು, ಜ್ವರಕ್ಕೆ ಬೇರೆ ಡಾಕ್ಟರ್ ಹತ್ತಿರ ಹೋದರೂ ಈ ಮಾತ್ರೆ ನಡೀತಿದೆ ಅಂತ ಹೇಳಿ. ಎರಿತ್ರೋಮೈಸಿನ್‌ನಂಥ ಕೆಲವು ಆಂಟಿಬಯೋಟಿಕ್ ಸೇರಿದರೆ ಕಾರ್ಬಮಜೆಪಿನ್ ರಕ್ತದಲ್ಲಿ ಏರುತ್ತೆ. ಹೆಣ್ಣುಮಕ್ಕಳ ವಿಷಯದಲ್ಲಿ, ದೊಡ್ಡವಳಾಗುವ ವಯಸ್ಸು ಬಂದ ಕೂಡಲೇ ವಾಲ್ಪ್ರೊಯೇಟ್ ಬಗ್ಗೆ ಡಾಕ್ಟರ್ ಜೊತೆ ಮತ್ತೆ ಮಾತಾಡಿ. ಬಸುರಿಯಾಗಿದ್ದಾಗ ಇದನ್ನು ತಗೊಂಡರೆ ಹೊಟ್ಟೆಯಲ್ಲಿರುವ ಮಗುವಿನ ದೇಹಕ್ಕೂ ಬುದ್ಧಿಗೂ ಹಾನಿಯಾಗುವ ಅಪಾಯ ದೊಡ್ಡದು.

ಉಪಯೋಗ ಆಗಲಿಲ್ಲ ಅಂತ ನೀವೇ ಒಂದು ದಿನ ನಿಲ್ಲಿಸಬೇಡಿ. ಫಿಟ್ಸ್ ಇರುವ ಮಗುವಿಗೆ ಹಾಗೆ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಫಿಟ್ಸ್ ಇಲ್ಲದ ಮಗುವಿಗೂ ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಬೇಕಂತ ನಿಲ್ಲಿಸುವವರಿಗಿಂತ ಮಾತ್ರೆ ಮುಗಿದು ನಿಲ್ಲಿಸುವವರನ್ನೇ ನಾನು ಜಾಸ್ತಿ ನೋಡುವುದು, ಅದರಲ್ಲೂ ಹಬ್ಬ, ಜಾತ್ರೆ ಅಂತ ಊರಿಗೆ ಹೋದಾಗ. ಹೊರಡುವ ಮುಂಚೆ ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿದೆ ನೋಡಿಕೊಂಡು, ಬೇಕಾದಷ್ಟು ತಗೊಂಡು ಹೋಗಿ. ಚೀಟಿಯ ಫೋಟೋ ಮೊಬೈಲ್‌ನಲ್ಲಿ ಇರಲಿ.