‘ವೇಯ್ನ್ ಸ್ಟಾಟಿಕ್ ಸತ್ತಿಲ್ವಾ?’

ನನ್ನ ಫೋನಿನ ವಾಲ್‌ಪೇಪರ್‌ನಲ್ಲಿ ಕೂದಲು ನೆಟ್ಟಗೆ ನಿಲ್ಲಿಸಿಕೊಂಡ ಹಾಡುಗಾರ ವೇಯ್ನ್ ಸ್ಟಾಟಿಕ್ ಇದ್ದಾನೆ. ನೋಡಿದವರು ಮೊದಲು ಕೇಳುವುದು, ‘ಇವನಿಗೇನು ಕರೆಂಟ್ ಹೊಡೆದಿದೆಯಾ?’ ಹೆವಿ ಮೆಟಲ್ ಸಂಗೀತ ಕೇಳುವ ಗೆಳೆಯರ ಪ್ರಶ್ನೆ ಬೇರೆ. ‘ಸ್ಟಾಟಿಕ್-ಎಕ್ಸ್ ಬ್ಯಾಂಡಿನ ವೇಯ್ನ್ ಸತ್ತು ಎಷ್ಟೋ ವರ್ಷ ಆಯ್ತಲ್ವಾ? ಮತ್ತೆ ಹೊಸ ವಿಡಿಯೊಗಳಲ್ಲಿ ಹಾಡ್ತಿರೋದು ಯಾರು?’

ಸತ್ತಿದ್ದು ನಿಜ. 2014ರ ನವೆಂಬರ್ 1. ಇನ್ನು ಮೂರು ದಿನ ಇದ್ದಿದ್ದರೆ 49 ತುಂಬುತ್ತಿತ್ತು. ಡಾಕ್ಟರ್ ಚೀಟಿ ಇಲ್ಲದೆ ಸಿಗದಂಥ ಜೋರು ಮಾತ್ರೆಗಳು, ಜೊತೆಗೆ ಮದ್ಯ. ಈಗ ಹಾಡುತ್ತಿರುವುದು ಮುಖವಾಡ ಹಾಕಿದ ಬೇರೊಬ್ಬ. ‘ಝೀರೋ’ ಅಂತ ಹೆಸರು. ಡೋಪ್ ಬ್ಯಾಂಡಿನ ಎಡ್ಸೆಲ್ ಡೋಪ್ ಇರಬೇಕು ಎಂದು ಎಲ್ಲರಿಗೂ ಗುಮಾನಿ ಇತ್ತು. ಕೊನೆಗೆ ಅವನೇ ಒಪ್ಪಿಕೊಂಡ.

ವೇಯ್ನ್‌ನ ನಿಜವಾದ ಹೆಸರು ವೇಯ್ನ್ ವೆಲ್ಸ್, ಅಮೆರಿಕದ ಮಿಶಿಗನ್ ಕಡೆಯವನು. ಷಿಕಾಗೋದಲ್ಲಿ ಡ್ರಮ್ಮರ್ ಕೆನ್ ಜೇ ಸಿಕ್ಕ. ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಗೆ ಹೋದರು. ಅಲ್ಲಿ ಬೇಸ್ ಗಿಟಾರಿನ ಟೋನಿ ಕ್ಯಾಂಪೋಸ್, ಗಿಟಾರಿನ ಕೊಯಿಚಿ ಫುಕುಡಾ ಸೇರಿ ಸ್ಟಾಟಿಕ್-ಎಕ್ಸ್ ಆಯಿತು. 1999ರಲ್ಲಿ ಬಂದ ಮೊದಲ ಆಲ್ಬಮ್ ‘ವಿಸ್ಕಾನ್ಸಿನ್ ಡೆತ್ ಟ್ರಿಪ್’ಗೆ ಅಮೆರಿಕದಲ್ಲಿ ಪ್ಲಾಟಿನಂ ಸಿಕ್ಕಿತು. ಅಂದರೆ 10 ಲಕ್ಷ ಪ್ರತಿಗಳ ಲೆಕ್ಕ!

ಅದರ ‘ಪುಶ್ ಇಟ್’ ಹಾಡನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗಿಟಾರ್ ಎಲ್ಲೂ ಎಳೆಯುವುದಿಲ್ಲ. ಹೊಲಿಗೆ ಮಿಷನ್ ಓಡಿದ ಹಾಗೆ ಟಕ ಟಕ ಅಂತ ಕತ್ತರಿಸಿಕೊಂಡು ಹೋಗುತ್ತದೆ. ವೇಯ್ನ್ ಪದಗಳನ್ನು ಹಾಡುವುದೇ ಇಲ್ಲ, ಕಚ್ಚಿ ಉಗುಳುತ್ತಾನೆ. ಅವನ ಗಂಟಲೂ ಒಂದು ಡ್ರಮ್ಮೇ. ಇದೇ ಜಾತಿಯ ಇನ್ನೊಂದು ಬ್ಯಾಂಡ್ ಮಿನಿಸ್ಟ್ರಿ ಕೇಳಿದರೆ ಯಾರ ಜೊತೆಗಾದರೂ ಜಗಳ ತೆಗೆಯಬೇಕು ಅನ್ನಿಸುತ್ತದೆ. ಇದನ್ನು ಕೇಳಿದರೆ ಕಾಲು ಸುಮ್ನೆ ಕುಣಿಯುತ್ತದೆ. ‘ಈವಿಲ್ ಡಿಸ್ಕೊ’ ಅಂತ ಅವರೇ ಕರೆದುಕೊಂಡರು. ನನ್ನ ಮಟ್ಟಿಗೆ ವೇಯ್ನ್ ಬಿಟ್ಟುಹೋದ ಆಸ್ತಿ ಇದೇ, ಕೂದಲಲ್ಲ.

ಆದರೆ ಜನಕ್ಕೆ ನೆನಪಿರುವುದು ಆ ಕೂದಲೇ. ಅಷ್ಟು ಗಟ್ಟಿಯಾಗಿ ವೇಷ ಕಟ್ಟಿದ್ದ. ವೇಷ ಆದಮೇಲೆ ಯಾರು ಬೇಕಾದರೂ ಹಾಕಿಕೊಳ್ಳಬಹುದಲ್ಲ? 2019ರಲ್ಲಿ ಉಳಿದ ಮೂವರೂ ಮತ್ತೆ ಒಂದಾಗಿ ಟೂರ್ ಹೊರಟಾಗ ಆಗಿದ್ದು ಅದೇ. ಝೀರೋ ಅಂಥದೇ ಕೂದಲಿನ ಮುಖವಾಡ ಹಾಕಿಕೊಂಡು ನಿಂತ. 2020ರ ಆಲ್ಬಮ್ ‘ಪ್ರಾಜೆಕ್ಟ್ ರೀಜನರೇಷನ್’ ಬಗ್ಗೆ ನನ್ನ ತಕರಾರಿಲ್ಲ. ಅದರಲ್ಲಿ ವೇಯ್ನ್ ರೆಕಾರ್ಡ್ ಮಾಡಿಟ್ಟುಹೋದ ದನಿ ಇದೆ. ಮುಖವಾಡ ಮಾತ್ರ ನನಗೆ ಇವತ್ತಿಗೂ ಕಸಿವಿಸಿ.

ಟೂರಿನ ಒಂದು ವಿಡಿಯೊ ನೋಡಲು ಶುರು ಮಾಡಿ, ಅರ್ಧಕ್ಕೇ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಹಾಡು ನಿಲ್ಲಿಸಲಿಲ್ಲ. ಕೆನ್ ಬಾರಿಸುತ್ತಿದ್ದ, ಟೋನಿಯ ಬೇಸ್ ಮೇಜನ್ನು ಗುಂಯ್ ಅನ್ನಿಸುತ್ತಿತ್ತು. ಕಾಲು ಆಗಲೇ ಶುರು ಮಾಡಿತ್ತು.